ಬೆಂಡ್ ತೆಗೆಯದ ರೇವಣಸಿದ್ದಪ್ಪ

ಬೆಳಗಿನ ನಾಲ್ಕೂವರೆ. ದುಬೈನ ಸತ್ವಾದಲ್ಲಿ ಹಳೆಯ ವಿಲ್ಲಾವೊಂದರ ಹಿತ್ತಿಲಿನಲ್ಲಿ ರೇವಣಸಿದ್ದಪ್ಪ ಬೈಕಿನ ಮುಂಚಕ್ರ ಹಿಡಿದಿರುವ ಫೋರ್ಕ್ ಬಿಚ್ಚಿ, ಅದರ ಉಕ್ಕಿನ ಪೈಪನ್ನು ದಪ್ಪ ಗಾಜಿನ ಮೇಲೆ ಉರುಳಿಸುತ್ತಿದ್ದಾರೆ. ಪೈಪಿನಡಿಯಿಂದ ಟಾರ್ಚಿನ ಬೆಳಕು ಎಲ್ಲಾದರೂ ಇಣುಕಿತೋ, ಪೈಪು ಬಾಗಿದೆ ಎಂದರ್ಥ; ಮುಗಿಯಿತು. ಗರಗಸ ಹಿಡಿದು ಪೈಪನ್ನು ಎರಡು ತುಂಡು ಮಾಡಿಬಿಡುತ್ತಾರೆ. ಬೈಕಿನವನು ಬೈದರೆ ಬೈದುಕೊಳ್ಳಲಿ.

"ಬೆಂಡ್ ತೆಗೆದ್ರ ನೆಟ್ಟಗ ಕಾಣಸ್ತೈತ್ರಿ, ನೆಟ್ಟಗ ಆಗಿರೂದಿಲ್ಲ" ಎಂದು, ತಮ್ಮ ಬಗ್ಗೆ ಬರೆಯಲು ಬಂದಿರುವ ಪತ್ರಿಕೆಯವರಿಗೆ ಕಡ್ಡಿ ಮುರಿದಂತೆ ಹೇಳುತ್ತಾರೆ.

ವಿಜಯಪುರ ಕಡೆಯ ಇವರಿಗೆ ಐವತ್ತೆರಡು. ಆರು ಗಂಟೆಗೆ ಕಂಪನಿ ಬಸ್ಸು ಹಿಡಿದು ಜೆಬೆಲ್ ಅಲಿಗೆ ಹೋದರೆ ಸಂಜೆಯವರೆಗೆ ಲಾರಿ ರಿಪೇರಿ. ಅದಕ್ಕೂ ಮುಂಚೆ ದಿನಕ್ಕೆ ಎರಡು ಬೈಕು, ರಜೆಯ ದಿನ ಆರು. ಬರುವವರೆಲ್ಲ ಬೈಕಿನಲ್ಲಿ ಮನೆಮನೆಗೆ ಊಟ ತಲುಪಿಸುವ ಹುಡುಗರು. ಇಲ್ಲಿನ ಮರಳು ಫೋರ್ಕಿನ ಸೀಲನ್ನು ತಿಂದುಹಾಕುತ್ತದೆ, ಆಯಿಲ್ ಸೋರಿ ಬ್ರೇಕಿಗಿಳಿಯುತ್ತದೆ. ಹೊಸ ಆಯಿಲನ್ನು ಅಳೆದು ಸುರಿಯುವವರು ಹೆಂಡತಿ ಶಾಂತವ್ವ. "ರೊಟ್ಟಿ ಬಡದ್ರೂ ಕೈಯಾಗಿನ ಈ ವಾಸನಿ ಹೋಗವಲ್ದು" ಎನ್ನುತ್ತಾರೆ.

ಬೆಂಡ್ ತೆಗೆಯಲಾರೆ ಎಂಬ ಹಟ ಮೊದಲಿನಿಂದ ಇದ್ದದ್ದಲ್ಲ. ಮೂರು ವರ್ಷದ ಹಿಂದೆ ಅಂಥದೇ ಒಬ್ಬ ಹುಡುಗ, ಕುಂದಾಪುರದ ವಿಲ್ಫ್ರೆಡ್, ಬಾಗಿದ ಪೈಪಿನ ಬೈಕು ತಂದಿದ್ದ. ಅವನ ಕಂಪನಿ ಹೊಸ ಪೈಪು ಕೊಡಲೊಲ್ಲದು. "ಒಂದು ವಾರ ಓಡಿದ್ರೆ ಸಾಕು ಅಣ್ಣ, ಗಾಡಿ ನಿಂತ್ರೆ ನನ್ನ ಕೆಲಸ ಖಲಾಸ್" ಎಂದು ಅಂಗಲಾಚಿದ. ರೇವಣಸಿದ್ದಪ್ಪನವರ ಮನಸ್ಸು ಕರಗಿತು. ಪೈಪನ್ನು ಒತ್ತಿ ನೆಟ್ಟಗೆ ಮಾಡಿಕೊಟ್ಟರು.

ಒಂಬತ್ತನೇ ದಿನ ಜುಮೇರಾ ಲೇಕ್ ಟವರ್ಸ್ ಸಿಗ್ನಲ್ಲಿನಲ್ಲಿ ಬ್ರೇಕ್ ಹಿಡಿದಾಗ ಪೈಪು ಮುರಿಯಿತು. ಹುಡುಗ ಎಡಗಾಲನ್ನು ಮೊಣಕಾಲಿನಿಂದ ಕೆಳಗೆ ಕಳೆದುಕೊಂಡ. ಬಿದ್ದವನಿಗೆ ಆಳಿಗೊಂದು ಕಲ್ಲು. ಅತಿವೇಗವೇ ಕಾರಣ ಎಂದು ಕಂಪನಿ ಬರೆದು, ಪರಿಹಾರ ನಿರಾಕರಿಸಿ, ಅವನನ್ನು ವಿಮಾನ ಹತ್ತಿಸಿತು. ವಾರ ಕಳೆದು ಅದೇ ಬೈಕು ದುರಸ್ತಿಗೆಂದು ಈ ಹಿತ್ತಿಲಿಗೇ ಬಂತು. ಈ ಸಲ ಹೊಸ ಪೈಪು ಕಳಿಸಲು ಕಂಪನಿಗೆ ಒಂದು ದಿನವೂ ಹಿಡಿಯಲಿಲ್ಲ. ಹಳೆಯದು, ರೇವಣಸಿದ್ದಪ್ಪ ಎಲ್ಲಿ ಒತ್ತಿದ್ದರೋ ಅಲ್ಲೇ ಮುರಿದಿತ್ತು.

ಅವರು ಬಾಯಿ ಬಿಡಲಿಲ್ಲ. ಮನೆಯಲ್ಲಿ ಮಾಡುವ ಈ ಕೆಲಸಕ್ಕೆ ಲೈಸೆನ್ಸ್ ಇಲ್ಲ. ಹೇಳಿದರೆ ನೌಕರಿ, ವೀಸಾ ಎರಡೂ ಹೋಗುತ್ತವೆ. ವಿಲ್ಫ್ರೆಡ್ಡನಿಗೆ ಇಂದಿಗೂ ಗೊತ್ತಿಲ್ಲ. ಕುಂದಾಪುರದಿಂದ ಇಲ್ಲಿನ ಗೆಳೆಯರಿಗೆ ಹೇಳಿ ಕಳಿಸುತ್ತಲೇ ಇರುತ್ತಾನೆ: "ರೇವಣ್ಣನ ಕೈಗೆ ಕೊಡಿ ಮಾರಾಯ್ರೆ, ಮತ್ತೆ ಹೆದರಿಕೆ ಇಲ್ಲ." ಅಂಥ ಒಬ್ಬೊಬ್ಬ ಬಂದಾಗಲೂ ಇವರು ಪೈಪನ್ನು ಗಾಜಿನ ಮೇಲೆ ಎರಡೆರಡು ಸಲ ಉರುಳಿಸಿ ನೋಡುತ್ತಾರೆ. ವಿಲ್ಫ್ರೆಡ್ಡನ ಪರಿಹಾರದ ಅರ್ಜಿ ಇನ್ನೂ ಬಾಕಿ ಇದೆ, ಅತಿವೇಗ ಎಂಬ ಒಂದೇ ಮಾತಿಗೆ ಸಿಕ್ಕಿಕೊಂಡು.

"ಹೇಳಿಬಿಡ್ರಿ" ಎನ್ನುತ್ತಾರೆ ಶಾಂತವ್ವ. "ಊರಿಗೆ ಕಳಿಸಿದ್ರ ಹೋಗೂಣು."

ಪತ್ರಿಕೆಯವರು ಕ್ಯಾಮೆರಾ ಎತ್ತುತ್ತಾರೆ. ರೇವಣಸಿದ್ದಪ್ಪ ಕೈ ಅಡ್ಡ ಹಿಡಿಯುತ್ತಾರೆ.

"ಫೋಟೋ ಬ್ಯಾಡ್ರಿ. ವಿಲ್ಫ್ರೆಡ್ ಸ್ಪೀಡಿಗೆ ಬಿದ್ದಿಲ್ಲ, ನನ್ನ ಕೈಗೆಲಸಕ್ಕ ಬಿದ್ದಾನ. ಇಷ್ಟು ಬರೀರಿ. ಕೆಳಗ ನನ್ನ ಹೆಸರು ಪೂರ್ತಿ ಹಾಕ್ರಿ."