ಕೆಂಪು ಪೆನ್ಸಿಲ್ಲಿನ ಸೂತಕ

ಆಗೆಲ್ಲ ನಮ್ಮ ಕ್ಯಾತನಹಳ್ಳಿಯಲ್ಲಿ ಬೇಸಿಗೆ ರಜೆ ಅಂದರೆ ಮೈಮೇಲೆ ಗಾಯ ಮಾಡಿಕೊಳ್ಳುವ ಕಾಲ. ಕುಂಟೆಬಿಲ್ಲೆಯಲ್ಲಿ ಶುರುವಾದ ಆಟ ಕಲ್ಲೇಟಿನಲ್ಲಿ ಮುಗಿಯುತ್ತಿತ್ತು. ಕದ್ದ ಕಬ್ಬಿನ ಜಲ್ಲೆಯನ್ನು ಒಂದೇ ಏಟಿಗೆ ಮೊಣಕಾಲಿಗೆ ಕೊಟ್ಟು ಮುರಿಯಬಲ್ಲವಳೇ ನಮಗೆಲ್ಲ ನಾಯಕಿ, ಮತ್ತು ಆ ನಾಯಕಿ ನಾನೇ. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಆ ವರ್ಷ ಮಾತ್ರ ನಾನು ತಿಂದ ಪೆಟ್ಟುಗಳಿಗೆ ಕಬ್ಬು ಕಾರಣವಾಗಿರಲಿಲ್ಲ, ಒಂದು ಕಂಪ್ಯೂಟರು ಕಾರಣವಾಗಿತ್ತು.

ಮೊದಲು ನಮ್ಮ ಮನೆಯ ಜಗಳ ಹೇಳಬೇಕು. ನಾಲೆ ನೀರಿನ ಸರದಿಗಾಗಿ ಅಪ್ಪನಿಗೂ ಚಿಕ್ಕಪ್ಪನಿಗೂ ಹೊಡೆದಾಟವಾಗಿ, ಚಿಕ್ಕಪ್ಪ ಬೀಸಿದ ಮಚ್ಚಿಗೆ ಅಪ್ಪನ ಎಡಗೈಯ ಎರಡು ಬೆರಳು ಗದ್ದೆಯ ಕೆಸರಿಗೆ ಬಿದ್ದಿದ್ದವು. ಅಪ್ಪನೇನು ಸುಮ್ಮನಿರಲಿಲ್ಲ, ಗುದ್ದಲಿ ಕಾವಿನಿಂದ ತಮ್ಮನ ದವಡೆ ಮುರಿದಿದ್ದ. ಅಂದಿನಿಂದ ಒಂದೇ ಗೋಡೆಯ ಆಚೀಚೆ ಇದ್ದುಕೊಂಡು ಮೂರು ವರ್ಷ ಮಾತಿಲ್ಲ, ಕತೆಯಿಲ್ಲ. ಸೂತಕ ಮಾತ್ರ ಎರಡು ಮನೆಗೂ ಒಂದೇ. ಅಜ್ಜಿ ತೀರಿಕೊಂಡಾಗ ಇಬ್ಬರೂ ಬೆನ್ನು ತಿರುಗಿಸಿಕೊಂಡೇ, ಹನ್ನೊಂದನೇ ದಿನದ ತಿಥಿ ಮುಗಿಯುವ ತನಕ ಒಗ್ಗರಣೆ ಹಾಕದ ಸಾರು ಉಂಡರು.

ಚಿಕ್ಕಪ್ಪನ ಮಗಳು ಮಂಗಳ ನನ್ನ ಓರಗೆಯವಳು. ನಾವಿಬ್ಬರೂ ಒಂಬತ್ತನೇ ತರಗತಿ ಮುಗಿಸಿದಾಗ ಪಾಂಡವಪುರದಲ್ಲಿ ಒಂದು ತಿಂಗಳ ಶಿಬಿರ ಏರ್ಪಾಡಾಯಿತು. ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲಗಳಿಂದಲೂ ಇಬ್ಬಿಬ್ಬರು ಬಂದಿದ್ದರು. ಅದರ ಹೆಸರು ಬಯೋಇನ್ಫರ್ಮ್ಯಾಟಿಕ್ಸ್, ಜೀವಿಗಳ ಗುಟ್ಟನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿದ್ಯೆ. ಊರಿನವರ ಬಾಯಲ್ಲಿ ಅದು ಕಂಪೂಟ್ರು ಕ್ಯಾಂಪು. ನಡೆಸುತ್ತಿದ್ದವರು ಮೈಸೂರಿನ ಕಾಲೇಜಿನಿಂದ ಬಂದ ವಿಮಲಾ ಮಿಸ್ಸು. ನಮ್ಮ ಮನೆಗಳ ಸುದ್ದಿ ತಿಳಿಯದ ಅವರು, ಒಂದೇ ಊರಿನವರಲ್ಲವೇ ಎಂದು ನಮ್ಮಿಬ್ಬರನ್ನೇ ಜೋಡಿ ಮಾಡಿಬಿಟ್ಟರು.

ಮೊದಲ ದಿನವೇ ಮಂಗಳ ಬೆಂಚಿನ ಕೆಳಗಿನಿಂದ ಕೈವಾರದ ಮೊನೆಯನ್ನು ನನ್ನ ತೊಡೆಗೆ ಇಳಿಸಿದಳು. ನಾನು ಅವಳ ಭುಜ ಕಚ್ಚಿದೆ. ಬಾಯಿಗೆ ರಕ್ತದ ಉಪ್ಪು ತಾಗುವವರೆಗೂ ಬಿಡಲಿಲ್ಲ. ಮಿಸ್ಸು ಇಬ್ಬರನ್ನೂ ಬಿಸಿಲಿಗೆ ನಿಲ್ಲಿಸಿದರು.

"ಹೀಗೇ ಆಡಿದ್ರೆ ಇಬ್ಬರೂ ಮನೆಗೆ. ಇಲ್ಲಿ ಚೆನ್ನಾಗಿ ಮಾಡಿದವರಿಗೆ ನಾನೇ ಕಾಗದ ಬರೆದುಕೊಟ್ಟು ಮೈಸೂರಿನ ಹಾಸ್ಟೆಲಿಗೆ ಸೇರಿಸಬೇಕು ಅಂತಿದ್ದೆ."

ಮಂಗಳ ಅಲ್ಲೇ ಅತ್ತುಬಿಟ್ಟಳು. "ಕಳಿಸ್ಬ್ಯಾಡಿ ಮಿಸ್. ಒಣಕೆರೇಲಿ ಗಂಡು ನೋಡವ್ರೆ. ನಿಮ್ ಕಾಗ್ದ ಸಿಕ್ರೆ ಪಿಯುಸಿಗೆ ಕಳಿಸ್ತೀನಿ ಅಂದವ್ನೆ ನಮ್ಮಪ್ಪ."

ಮೂರು ವರ್ಷದಲ್ಲಿ ಅವಳ ಮನೆಯೊಳಗಿನ ಒಂದು ಸಂಗತಿ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಅವತ್ತಿನಿಂದ ನಾನು ಅವಳಿಗೆ ಹೊಡೆಯಲಿಲ್ಲ.

ಕೆಲಸ ಹೀಗಿತ್ತು. ಮನುಷ್ಯನ ರಕ್ತದಲ್ಲಿರುವ ಒಂದು ಪ್ರೋಟೀನನ್ನು ಅಕ್ಷರಗಳ ಸಾಲಾಗಿ ಉದ್ದನೆಯ ಕಾಗದದಲ್ಲಿ ಅಚ್ಚು ಮಾಡಿದ್ದರು. ಹಸು, ಮೇಕೆ, ಕೋಳಿಯದ್ದೂ ಹಾಗೆಯೇ. ಒಬ್ಬಳು ಅಕ್ಷರ ಕೂಗಬೇಕು, ಇನ್ನೊಬ್ಬಳು ತನ್ನ ಕಾಗದ ನೋಡಿ, ಬೇರೆಯಾಗಿದ್ದ ಕಡೆ ಕೆಂಪು ಪೆನ್ಸಿಲ್ಲಿನಿಂದ ಗುರುತು ಹಾಕಬೇಕು. ಗುರುತು ಕಡಿಮೆಯಿದ್ದಷ್ಟೂ ನೆಂಟಸ್ತನ ಹತ್ತಿರ. ಕೊನೆಗೆ ಅದನ್ನೆಲ್ಲ ಕಂಪ್ಯೂಟರಿಗೆ ಕೊಟ್ಟು ವಂಶದ ಮರ ಬರೆಸುವುದು. ನಾವಿಬ್ಬರೂ ಮಾತು ಬಿಟ್ಟವರು, ಹಾಗಾಗಿ ಬರೀ ಅಕ್ಷರ ಆಡಿದೆವು.

"ವೈ."

"ವೈ."

"ಪಿ."

"ಪಿ."

"ಡಬ್ಲ್ಯು."

ಹತ್ತು ದಿನ ಹೀಗೇ ಕಳೆಯಿತು. ಚಪ್ಪಲಿ ಬಿಟ್ಟು ಹೋಗುವ ಆ ಕಂಪ್ಯೂಟರು ಕೋಣೆಯ ಬಿಸಿ ಪ್ಲಾಸ್ಟಿಕ್ಕಿನ ವಾಸನೆ, ನಮ್ಮ ಡಬ್ಬಿಗಳ ಹುಚ್ಚೆಳ್ಳು ಚಟ್ನಿಯ ವಾಸನೆ ಇವತ್ತಿಗೂ ಮೂಗಿನಲ್ಲಿದೆ. ಹನ್ನೊಂದನೇ ದಿನ ಹಸುವನ್ನೂ ಮೇಕೆಯನ್ನೂ ಹೋಲಿಸುತ್ತಿದ್ದಾಗ ಮಂಗಳ ಇದ್ದಕ್ಕಿದ್ದಂತೆ ಕೇಳಿದಳು.

"ಅಲ್ಲ ಕಣೆ ರತ್ನ, ಮೇಕೆ ಸತ್ರೆ ಅಸೂಗೆ ಎಷ್ಟ್ ದಿನ ಸೂತ್ಕ?"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಿಸ್ಸು ಬಂದು ಕೇಳಿದಾಗ ವಿವರಿಸಿದೆವು. ಹತ್ತಿರದ ದಾಯಾದಿ ಸತ್ತರೆ ಹನ್ನೊಂದು ದಿನ, ದೂರದವರಾದರೆ ಮೂರು, ಇನ್ನೂ ದೂರವಾದರೆ ಬರೀ ತಲೆಗೆ ನೀರು. ಮಿಸ್ಸು ಕುಣಿದಾಡುವುದೊಂದು ಬಾಕಿ.

"ಕಂಪ್ಯೂಟರಿಗೆ ಕಲಿಸೋ ಲೆಕ್ಕ ನಿಮ್ಮ ಮನೇಲೇ ಇದೆಯಲ್ಲ! ನಿಮ್ಮ ವಂಶದ್ದೂ ಒಂದು ಮರ ಬರೀರಿ."

ಬರೆದೆವು. ಚಿಕ್ಕಪ್ಪನ ಹೆಸರಿನ ಮುಂದೆ ನಾನು, ಅಪ್ಪನ ಹೆಸರಿನ ಮುಂದೆ ಮಂಗಳ, ಇಬ್ಬರೂ ಕೆಂಪು ಪೆನ್ಸಿಲ್ಲಿನಲ್ಲಿ 'ಸೂತಕ ೧೧ ದಿನ' ಎಂದು ದುಂಡಗೆ ಬರೆದೆವು. ಬದುಕಿರುವವರ ಹೆಸರಿನ ಮುಂದೆ ಅದನ್ನು ಬರೆಯಬಾರದು ಎಂದು ಇಬ್ಬರಲ್ಲಿ ಒಬ್ಬಳಿಗೂ ಹೊಳೆಯಲಿಲ್ಲ.

ಕೊನೆಯ ದಿನ ಪ್ರದರ್ಶನ. ಮಿಸ್ಸು ಎಲ್ಲರ ಅಪ್ಪಂದಿರನ್ನೂ ಕರೆಸಿದ್ದರು. ಚಿಕ್ಕಪ್ಪ ಗೋಡೆಯ ಮೇಲಿನ ನಮ್ಮ ಮರದ ಎದುರು ನಿಂತು ತನ್ನ ಹೆಸರು ಓದಿಕೊಂಡ. ಕುತ್ತಿಗೆಯ ನರ ಉಬ್ಬಿತು.

"ಬದುಕಿರೋವ್ನಿಗೆ ಸೂತ್ಕ ಬರ್ದವ್ರು ಯಾರು?"

"ನಾನು, ಚಿಕ್ಕಪ್ಪ."

ಕಪಾಳಕ್ಕೆ ಬಿದ್ದ ಏಟಿಗೆ ಕಣ್ಣು ಕತ್ತಲಿಟ್ಟಿತು. ಅಪ್ಪ ಹಿಂದಿನಿಂದ ನುಗ್ಗಿ ಬಂದ.

"ನನ್ ಮಗಳ್ ಮ್ಯಾಲೆ ಕೈ ಮಾಡ್ತೀಯೇನ್ಲಾ?"

"ನನ್ ಸಾವು ಬರ್ಸಿದ್ದೀಯಲ್ಲ, ನೋಡ್ಲಾ ಇಲ್ಲಿ!"

ಅಪ್ಪ ನೋಡಿದ. ಅವನಿಗೆ ಕಂಡದ್ದು ತನ್ನ ಹೆಸರು, ಅದರ ಮುಂದೆ ಮಂಗಳಳ ಅಕ್ಷರ. ಆಮೇಲೆ ಯಾರ ಮಾತೂ ಯಾರಿಗೂ ಕೇಳಲಿಲ್ಲ. ಚಿಕ್ಕಪ್ಪ ಅಪ್ಪನ ಮೂಗಿಗೆ ಗುದ್ದಿದ. ಅಪ್ಪ ಕಬ್ಬಿಣದ ಕುರ್ಚಿ ಎತ್ತಿ ಬೀಸಿದ. ಚಿಕ್ಕಪ್ಪ ಪಕ್ಕಕ್ಕೆ ಜಾರಿಕೊಂಡ, ಅವನ ಹಿಂದೆ ಕಂಪ್ಯೂಟರಿತ್ತು.

"ಅದ್ರಲ್ಲಿ ನಮ್ದೆಲ್ಲ ಅದೆ!" ಎಂದು ಕಿರುಚಿ ಮಂಗಳ ಅಡ್ಡ ಬಂದಳು.

ಕುರ್ಚಿ ಅವಳ ಬಲಗೈ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ನನಗೆ ಚೆನ್ನಾಗಿ ಗೊತ್ತಾಯಿತು, ಒಣಗಿದ ಜಲ್ಲೆ ಮುರಿದಂತೆಯೇ ಇತ್ತು. ಮರುಕ್ಷಣ ಕಂಪ್ಯೂಟರು ಮೇಜಿನಿಂದ ಉರುಳಿ ಒಡೆಯಿತು. ಗಾಜಿನ ಚೂರುಗಳ ಮೇಲೆ ಅಪ್ಪನ ಮೂಗಿನ ರಕ್ತ ತೊಟ್ಟಿಕ್ಕುತ್ತಿತ್ತು. ಅಪ್ಪ ಕುರ್ಚಿ ಬಿಟ್ಟು ಮೂರು ಬೆರಳಿನ ಕೈಯಿಂದ ಮೂಗು ಒರೆಸಿಕೊಂಡ. ಜೀವನದಲ್ಲಿ ಅವತ್ತೊಂದು ದಿನ ನಾನು ಅಪ್ಪನನ್ನು ಮನಸಾರೆ ದ್ವೇಷಿಸಿದೆ.

ಚಿಕ್ಕಪ್ಪ ಮಗಳ ಕೈಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದ. ನಾಟಿ ವೈದ್ಯ ಕಟ್ಟಿದ ಮೂಳೆ ಸೊಟ್ಟಗೆ ಕೂಡಿಕೊಂಡಿತು. ಬರೆಯಲಾಗದವಳಿಗೆ ಶಾಲೆ ಯಾಕೆಂದು ಬಿಡಿಸಿದರು, ಹದಿನೆಂಟು ತುಂಬುವ ಮೊದಲೇ, ಗಂಡು ನೋಡಿದ್ದ ಆ ಹೊಣಕೆರೆಗೇ ಕೊಟ್ಟರು. ಮಿಸ್ಸು ಎರಡು ಕಾಗದ ಬರೆದು ಎರಡನ್ನೂ ನನ್ನ ಕೈಗೇ ಕೊಟ್ಟಿದ್ದರು. ನನ್ನದನ್ನು ಹಿಡಿದುಕೊಂಡು ನಾನು ಮೈಸೂರಿಗೆ ಹೋದೆ. ಅವಳದು ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ, ಕೊಡುವ ಧೈರ್ಯವಾಗಲಿಲ್ಲ.

ಈಗ ನಾನು ಅದೇ ವಿಷಯ ಕಲಿಸುತ್ತೇನೆ. ಹತ್ತು ದಿನ ನಾವು ಕೂಗಿ ಕೂಗಿ ಮಾಡಿದ್ದನ್ನು ನನ್ನ ವಿದ್ಯಾರ್ಥಿಗಳು ಒಂದು ಗುಂಡಿ ಒತ್ತಿ ಮುಗಿಸುತ್ತಾರೆ. ಎದುರಿಗೆ ಕೂತು ಅಕ್ಷರ ಕೂಗುವವಳು ಅವರಿಗೆ ಬೇಕಿಲ್ಲ. ನನಗೆ ಬೇಕಿತ್ತು. ಅವಳು ಹೊಣಕೆರೆಯಲ್ಲಿ ಎಡಗೈಯೊಂದರಲ್ಲೇ ಹಾಲು ಕರೆಯುತ್ತಾಳೆ.

ಹೋದ ವರ್ಷ ಅಪ್ಪ ತೀರಿಕೊಂಡ. ಚಿಕ್ಕಪ್ಪ ನಮ್ಮ ಹೊಸ್ತಿಲು ತುಳಿಯಲಿಲ್ಲ. ಮಂಗಳ ಬಂದಳು, ಗೋಡೆಗೊರಗಿ ನನ್ನ ಪಕ್ಕದಲ್ಲಿ ಕೂತಳು. ಆಚೆ ಮನೆಯ ಕಡೆ ಕತ್ತು ತಿರುಗಿಸಿ ಹೇಳಿದಳು.

"ತಿಥಿ ಆಗೋಗಂಟ ಒಗ್ಗರಣೆ ಆಕ್ಬ್ಯಾಡಿ ಅಂದ್ಬುಟ್ಟವ್ನೆ ನಮ್ಮಪ್ಪ. ಅನ್ನೊಂದು ದಿನ ಕಣೆ. ನಾವು ಬರ್ದಿದ್ದು ಸರಿಯಾಗೇ ಇತ್ತು."