ಹಡಗಿನ ಬಣ್ಣ, ಹುಳದ ತಟ್ಟೆ

ನಮ್ಮ ಭಾವ ಪಿಳ್ಳಪ್ಪನನ್ನು ಬೈಯಲೂ ಆಗದು, ಬಿಡಲೂ ಆಗದು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು, ಬೆಂಗಳೂರಿನ ಬಣ್ಣದ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಸೀಸೆ ತೊಳೆಯಲು ಸೇರಿದವನು. ಎಪ್ಪತ್ತನಾಲ್ಕನೇ ಇಸವಿಯ ಹೊತ್ತಿಗೆ, ಬೆಂಗಳೂರಿಗೆ ಹತ್ತಿರದ ನಮ್ಮ ವಿಜಯಪುರದ ಬಸ್ಸಿನಲ್ಲಿ ಕೂತು ಪಾಲಿಮರ್ ಎಂದರೇನೆಂದು ಕಂಡಕ್ಟರನಿಗೇ ಪಾಠ ಹೇಳುತ್ತಿದ್ದ.

ಅಲ್ಲಿ ಹಡಗಿನ ತಳಕ್ಕೆ ಬಳಿಯುವ ಬಣ್ಣ ತಯಾರಾಗುತ್ತಿತ್ತು. ಪಾಚಿ ಅಂಟದಿರಲೆಂದು ಬಣ್ಣಕ್ಕೆ ವಿಷವನ್ನು ಸುಮ್ಮನೆ ಬೆರೆಸಿದರೆ ಸಮುದ್ರದ ನೀರಿಗೆ ಬೇಗ ತೊಳೆದುಹೋಗುತ್ತದೆ. ಅದಕ್ಕೇ ಪ್ರಯೋಗಾಲಯದ ಸಾಹೇಬರು ವಿಷವಾಗಿ ಕೆಲಸ ಮಾಡುವ ತವರದ ಪರಮಾಣುಗಳನ್ನು ಇಂಗಾಲದ ಅಣುಗಳಿಗೆ ಕಟ್ಟಿ, ಆ ಅಣುಗಳನ್ನು ಸರಪಳಿಯಾಗಿ ಬೆಸೆದು, ಅಂಟಿನಂಥ ಪಾಲಿಮರ್ ಮಾಡಿದ್ದರು. ಗಾಜಿನ ಬುರುಡೆಯನ್ನು ಎಂಟು ಗಂಟೆ ಹದವಾಗಿ ಕಾಯಿಸುವುದು ಭಾವನ ಪಾಲಿನ ಕೆಲಸ. ಆ ಪಾಲಿಮರ್ ನೀರಿಗೆ ತವರವನ್ನು ಇಷ್ಟಿಷ್ಟೇ ಬಿಡುತ್ತಿದ್ದುದರಿಂದ ಪಾಚಿಯಾಗಲಿ ಚಿಪ್ಪಿನ ಹುಳುವಾಗಲಿ ಹಡಗಿಗೆ ಅಂಟುತ್ತಿರಲಿಲ್ಲ. ಅದನ್ನು ಬಳಿದು ತೊಟ್ಟಿಯಲ್ಲಿ ವರ್ಷ ಮುಳುಗಿಸಿದ್ದ ಹಲಗೆಗೂ ಬೂಷ್ಟು ಹಿಡಿದಿರಲಿಲ್ಲ.

ಇತ್ತ ಮನೆಯಲ್ಲಿ ನಮ್ಮಕ್ಕ ಮುನಿಲಕ್ಷ್ಮಮ್ಮ ರೇಷ್ಮೆ ಹುಳ ಸಾಕುತ್ತಿದ್ದಳು. ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ನಾನೂ ಅಲ್ಲೇ ಇದ್ದೆ. ಸುಣ್ಣಕಟ್ಟು ರೋಗಕ್ಕೆ ಎರಡು ಬೆಳೆ ಹೋಗಿದ್ದವು. ಬೂಷ್ಟು ಹತ್ತಿ ಹುಳಗಳೆಲ್ಲ ಬಳಪದ ತುಂಡಾಗಿದ್ದವು.

"ಮೂರನೇದೂ ಹೋದ್ರೆ ಹಿಪ್ನೇರಳೆ ಕಿತ್ತು ರಾಗಿ ಹಾಕ್ತೀನಿ ಕಣಮ್ಮ" ಎಂದು ಅವಳ ಮಾವ ದೊಡ್ಡಮುನಿಯಪ್ಪ ಹೇಳಿಬಿಟ್ಟಿದ್ದರು. ಆ ಮನೆಯಲ್ಲಿ ಅಕ್ಕನದು ಅನ್ನುವಂಥದ್ದು ಆ ಹುಳದ ಕೆಲಸ ಒಂದೇ.

ಬಿದಿರಿನ ತಟ್ಟೆಗೆ ಸಗಣಿ ಸಾರಿಸಿ ಒಣಗಿಸಿ ಹುಳ ಬಿಡುವುದು ನಮ್ಮ ಕಡೆಯ ಪದ್ಧತಿ. "ಬೂಷ್ಟು ಬರೋದೇ ಆ ಸಗಣೀಲಿ" ಎಂದು ಭಾವ ಡಬ್ಬದ ತಳದಲ್ಲಿ ಉಳಿದ ಪಾಲಿಮರ್ ತಂದು ಹನ್ನೆರಡು ತಟ್ಟೆಗೂ ಬಳಿದ.

"ಭಾವ, ಸಾಹೇಬ್ರನ್ನ ಕೇಳಿದ್ಯಾ?" ಅಂದೆ.

"ಅವ್ರಿಗೇನ್ ಗೊತ್ತೋ ಹುಳದ ವಿಚಾರ?"

ಚಿಪ್ಪಿನ ಹುಳುವನ್ನು ಕೊಲ್ಲುವಂಥದ್ದು ರೇಷ್ಮೆ ಹುಳವನ್ನೇನು ಮುದ್ದು ಮಾಡುತ್ತದೆಯೇ? ನನಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಆ ಸಿಟ್ಟು ನನ್ನ ಮೇಲೆ ನನಗೆ ಈಗಲೂ ಇದೆ.

ನಾಲ್ಕನೇ ಸಲ ಪೊರೆ ಬಿಟ್ಟ ಹುಳಗಳನ್ನು ಆ ತಟ್ಟೆಗಳಿಗೆ ಬಿಟ್ಟೆವು. ಮಾರನೇ ದಿನ ಸೊಪ್ಪು ಮುಟ್ಟಲಿಲ್ಲ. ಮೂರನೇ ದಿನ ಹಸಿರು ನೀರು ಕಕ್ಕಿ ಸುರುಟಿಕೊಂಡು ಸತ್ತವು. ಒಂದೂ ಉಳಿಯಲಿಲ್ಲ.

ಭಾವ ಒಂದು ತಟ್ಟೆ ಎತ್ತಿ ಬೆಳಕಿಗೆ ಹಿಡಿದ. "ಆದ್ರೂ ನೋಡು, ಚೂರೂ ಸುಣ್ಣಕಟ್ಟು ಬಂದಿಲ್ಲ."

"ಬರೋಕೆ ಹುಳ ಎಲ್ಲಿವೆ?" ಎಂದಳು ಅಕ್ಕ.

ಅವಳು ತಟ್ಟೆಗಳಿಗೆ ಬೂದಿ ಹಾಕಿ ಉಜ್ಜಿದಳು, ಬಿಸಿನೀರು ಸುರಿದಳು. ಸಮುದ್ರಕ್ಕೇ ಜಗ್ಗದ್ದು ಬಾವಿ ನೀರಿಗೆ ಜಗ್ಗೀತೇ? ಸೋಮವಾರ ದೊಡ್ಡಮುನಿಯಪ್ಪ ಹಿಪ್ಪುನೇರಳೆ ತೋಟ ಅಗೆಸಿದರು.

ಅಂದು ಸಂಜೆಯೇ ಭಾವ ಬಸ್ಸಿಳಿದು ಓಡೋಡಿ ಬಂದ. ಮುಖ ಊರಗಲ ಅರಳಿತ್ತು.

"ಹುಳ ಸತ್ತಿದ್ದು ಸಾಹೇಬ್ರಿಗೆ ಹೇಳ್ದೆ, ಬೈತಾರೆ ಅನ್ಕೊಂಡಿದ್ದೆ. ಎಷ್ಟು ಹುಳ, ಎಷ್ಟು ದಿನಕ್ಕೆ ಸತ್ವು, ಎಲ್ಲಾ ಕೇಳಿ ಸಾಹೇಬ್ರು ನೋಟ್‌ಬುಕ್ಕಲ್ಲಿ ಬರ್ಕೊಂಡ್ರು! ಕೀಟ ಸಾಯ್ಸೋಕೂ ಬರುತ್ತಂತೆ ನಮ್ ಪಾಲಿಮರ್ರು!"

ಅಕ್ಕ ಕಿತ್ತ ಹಿಪ್ಪುನೇರಳೆ ಕಡ್ಡಿಗಳನ್ನು ಒಲೆಗೆ ಮುರಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಹುಳ ಯಾರ್ದು ಅಂತಾನೂ ಬರ್ಕೊಂಡ್ರಾ?" ಎಂದಳು.