ಹೆಸ್ಟರ್ ಕೈ ಇಳಿಸುವವರೆಗೆ

ಹೆಸ್ಟರ್ ಗಿಲ್‌ಫಿಲನ್‌ಗೆ ಎರಡು ಹುಚ್ಚು. ಒಂದು, ಇನ್ನೂರು ವರ್ಷದ ಹಿಂದಿನ ಇಂಗ್ಲೆಂಡಿನಲ್ಲಿ ನಡೆಯುವ ಪ್ರಣಯ ಕಾದಂಬರಿ. ಇನ್ನೊಂದು, ಮೊನ್ನೆ ತಾನೇ ಬರೆದ, ಇನ್ನೂ ಯಾರ ಕಿವಿಗೂ ಬೀಳದ ಹೊಸ ಸಂಗೀತ. ಮೊದಲನೆಯದನ್ನು ಓದುವವರು ಡನೀಡನ್ ಊರಿನ ತುಂಬ ಇದ್ದಾರೆ, ಓದುತ್ತೇವೆಂದು ಒಪ್ಪಿಕೊಳ್ಳುವವರು ಕಡಿಮೆ. ಎರಡನೆಯದನ್ನು ಮೆಚ್ಚುತ್ತೇವೆ ಎನ್ನುವವರು ವಿಶ್ವವಿದ್ಯಾಲಯದಲ್ಲಿ ಬೇಕಾದಷ್ಟಿದ್ದಾರೆ, ಕೇಳುವವರಿಲ್ಲ. ಹೆಸ್ಟರ್ ಎರಡನ್ನೂ ಗಟ್ಟಿಯಾಗಿ ಹೇಳಿಕೊಂಡು ತಿರುಗುತ್ತಿದ್ದಳು. ಹಾಗಾಗಿ ಎರಡು ಕಡೆಯವರೂ ಅವಳನ್ನು ಅರ್ಧರ್ಧ ತಿರಸ್ಕರಿಸುತ್ತಿದ್ದರು. ಅವಳು ಎರಡು ಕಡೆಯವರನ್ನೂ ಪೂರ್ತಿಯಾಗಿ ತಿರಸ್ಕರಿಸುತ್ತಿದ್ದಳು.

ಕಾದಂಬರಿಯ ಹುಚ್ಚು ಹತ್ತಿದ್ದು ಬಾಲ್‌ಕ್ಲೂಥಾ ಎಂಬ ಸಣ್ಣ ಊರಿನಲ್ಲಿ, ಅಮ್ಮನ ಹೇರ್ ಸಲೂನಿನಲ್ಲಿ. ತಲೆ ಒಣಗಿಸುವ ಯಂತ್ರದ ಕೆಳಗೆ ಕೂತ ಹೆಂಗಸರಿಗೆಂದು ಅಲ್ಲೊಂದು ಬುಟ್ಟಿ ತುಂಬ ಪುಸ್ತಕ ಇಟ್ಟಿದ್ದರು. ಎಲ್ಲದರ ರಕ್ಷಾಪುಟದ ಮೇಲೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ಒಬ್ಬ ಡ್ಯೂಕ್. ಹನ್ನೊಂದರ ಹೆಸ್ಟರ್ ಆ ಬುಟ್ಟಿಯನ್ನು ಖಾಲಿ ಮಾಡಿದಳು. ದೊಡ್ಡವಳಾದ ಮೇಲೆ, ತಾನು ಓದುವುದು ಚರಿತ್ರೆಗಾಗಿ ಎಂದು ಹೇಳತೊಡಗಿದಳು. ಯಾವ ಕಾಲದಲ್ಲಿ ಯಾವ ಗಾಡಿಗೆ ಎಷ್ಟು ಕುದುರೆ, ಯಾವ ಊಟಕ್ಕೆ ಯಾವ ಕೈಗವಸು, ಎಲ್ಲ ಅವಳ ಬಾಯಲ್ಲಿತ್ತು. ಆದರೆ ಮುತ್ತು ಕೊಡುವ ಪುಟ ಬಂದಾಗ ಅವಳು ಕುದುರೆ ಎಣಿಸುತ್ತಿರಲಿಲ್ಲ.

ಸಂಗೀತದ ಹುಚ್ಚು ಹೈಸ್ಕೂಲಿನದು. ಶಾಲೆಯವರು ಕರೆದುಕೊಂಡು ಹೋದ ಕಛೇರಿಯೊಂದರಲ್ಲಿ ವಯೋಲಾ ನುಡಿಸುವವನು ಕಮಾನನ್ನು ತಂತಿಯ ಮೇಲೆ ಎಳೆಯುವುದು ಬಿಟ್ಟು ವಾದ್ಯದ ಬೆನ್ನಿನ ಮೇಲೆ ಕರಕರ ಉಜ್ಜಿದ. ಹುಡುಗಿಯರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಹೆಸ್ಟರ್ ನಗಲಿಲ್ಲ. ತಾನು ನಗಲಿಲ್ಲವೆಂಬುದು ಅವಳಿಗೇ ಬಹಳ ಹಿಡಿಸಿತು. ಅಂದಿನಿಂದ ನಗದಿರುವುದೇ ಅವಳ ವಿದ್ಯೆಯಾಯಿತು; ಪದವಿಯ ಮೇಲೆ ಪದವಿ ಪಡೆದು, ಈಗ ಸಂಗೀತ ರಚನೆಯಲ್ಲಿ ಡಾಕ್ಟರೇಟ್ ಮಾಡುತ್ತ ಐದನೇ ವರ್ಷಕ್ಕೆ ಬಂದಿದ್ದಳು.

ಹೊಸ ಸಂಗೀತದ ಕಛೇರಿಗೆ ಸಾಮಾನ್ಯವಾಗಿ ಹದಿನೈದು ಜನ ಬರುತ್ತಾರೆ. ಹನ್ನೆರಡು ಜನ ಸ್ವತಃ ಸಂಗೀತ ಬರೆಯುವವರು, ಉಳಿದವರು ಅವರ ಜೊತೆ ಬಾಳುವವರು. ಮುಗಿದ ಮೇಲೆ ಎಲ್ಲರೂ ಹೇಳುವ ಮಾತು ಒಂದೇ: "ಕುತೂಹಲಕಾರಿ." ಚೆನ್ನಾಗಿದೆ ಎಂದರೆ ದಡ್ಡರಾಗುತ್ತೇವೆ, ಚೆನ್ನಾಗಿಲ್ಲ ಎಂದರೆ ಮುಂದಿನ ವಾರ ನಮ್ಮ ಕಛೇರಿಗೆ ಅದನ್ನು ಬರೆದವನು ಬರುವುದಿಲ್ಲ. ಈ ಸಂಗೀತದಲ್ಲಿ ಕೃತಿ ಎಲ್ಲಿ ಮುಗಿಯುತ್ತದೆ ಎಂಬುದು ಸುಲಭಕ್ಕೆ ತಿಳಿಯದು. ಹಾಗಾಗಿ ಮೊದಲು ಚಪ್ಪಾಳೆ ತಟ್ಟಿದವನು ಬಲ್ಲವನು ಎಂದು ಲೆಕ್ಕ. ಈ ಪಟ್ಟ ಲಾಕ್ಲನ್ ಡ್ರೀವರ್‌ನದು. ಹೆಸ್ಟರ್‌ಳ ಜೊತೆಗೇ ಸಂಗೀತ ವಿಭಾಗ ಸೇರಿದ, ಅವಳಿಗಿಂತ ಮೊದಲೇ ಪದವಿ ಮುಗಿಸಿದ ಲಾಕ್ಲನ್‌ನ ಅಂಗೈಗಳು ಕಛೇರಿಯ ಉದ್ದಕ್ಕೂ ಒಂದಕ್ಕೊಂದು ಗೇಣು ದೂರದಲ್ಲಿ ಕಾದು ನಿಂತಿರುತ್ತಿದ್ದವು.

ಕಾದಂಬರಿಯ ಬಳಗ ಬೇರೆ. ತಿಂಗಳಿಗೊಮ್ಮೆ ಮಾರ್ನಿಂಗ್ಟನ್ ಗುಡ್ಡದ ಮೇಲಿನ ಚರ್ಚ್ ಹಾಲಿನಲ್ಲಿ ಒಂಬತ್ತು ಮುದುಕಿಯರು ಸೇರಿ ಒಂದು ಪುಸ್ತಕದ ಬಗ್ಗೆ ಮಾತಾಡುತ್ತಿದ್ದರು. ಯಜಮಾನಿಕೆ ನೋಲಾ ಕಟ್‌ಹಿಲ್‌ಳದು. ನೋಲಾ ನಲವತ್ತು ವರ್ಷ ಶಾಲೆಮಕ್ಕಳ ಹಲ್ಲು ಕೊರೆದವಳು. ಈಗಲೂ ಅವಳು ಮಾತಾಡಿಸಿದರೆ ಜನ ಬಾಯಿ ತೆರೆಯುತ್ತಿದ್ದರು, ಉತ್ತರ ಕೊಡಲಲ್ಲ, ಅಭ್ಯಾಸಬಲದಿಂದ. ಬಳಗದಲ್ಲಿ ಇದ್ದದ್ದು ಒಂದೇ ಕಟ್ಟಳೆ. ಪುಸ್ತಕ ಓದಿ ಮುಗಿಸದವರು ಕೈ ಎತ್ತಬೇಕು. ಎತ್ತಿದ ಕೈ ಇಳಿಯುವವರೆಗೆ ಕಥೆಯ ಕೊನೆಯನ್ನು ಯಾರೂ ಬಾಯಿಬಿಡುವಂತಿಲ್ಲ. ಹಿಂದೊಮ್ಮೆ ಬಾಯಿಬಿಟ್ಟ ಒಬ್ಬಾಕೆ ಈಗ ಬೇರೆ ಚರ್ಚಿಗೆ ಹೋಗುತ್ತಾಳೆ.

ಹೆಸ್ಟರ್ ಆ ಕಟ್ಟಳೆಯನ್ನು ಪಾಲಿಸುತ್ತಿದ್ದಳು, ಆ ಹೆಂಗಸರನ್ನು ಸಹಿಸುತ್ತಿದ್ದಳು. ಡ್ಯೂಕ್ ಅತ್ತ ಎಂದು ಇವರು ಕಣ್ಣೊರೆಸಿಕೊಂಡರೆ, ಆ ವರ್ಷ ಅಂಥ ಕರವಸ್ತ್ರವೇ ಇರಲಿಲ್ಲ ಎಂದು ತಿದ್ದುತ್ತಿದ್ದಳು.

"ಅವನು ಮೂಗು ಒರೆಸ್ಕೊಂಡಿದ್ದು ನಿನ್ನ ಸೀರಿಯಸ್ ಪ್ರಾಬ್ಲಮ್ಮಾ?" ಎಂದು ನಗೈರೆ ಕೇಳಿದ್ದಳು. ನಗೈರೆ ಬಳಗದಲ್ಲೇ ಹಿರಿಯಳು, ಸದಾ ಕೆಮ್ಮುವವಳು. "ನಮಗೆ ಅವನು ಅತ್ತಿದ್ದೇ ಸಾಕು ಮಾರಾಯ್ತಿ."

ಡಾಕ್ಟರೇಟಿನ ಐದನೇ ವರ್ಷದ ಏಪ್ರಿಲ್ ಹೊತ್ತಿಗೆ ಹೆಸ್ಟರ್‌ಗೆ ಉಳಿದದ್ದು ಒಂದೇ ಕೆಲಸ. ನಾಲ್ಕು ತಂತಿವಾದ್ಯಗಳಿಗೆ ಬರೆದ ಕೊನೆಯ ಕೃತಿಯನ್ನು ಜನರ ಮುಂದೆ ನುಡಿಸಿ, ಅದರ ಧ್ವನಿಮುದ್ರಣ ಒಪ್ಪಿಸಬೇಕು. ಕೃತಿ ಇಪ್ಪತ್ತು ನಿಮಿಷ ಉಜ್ಜಿ, ಕುಟ್ಟಿ, ಕೊನೆಗೆ ಎರಡು ನಿಮಿಷದ ಮೌನದಲ್ಲಿ ನಿಲ್ಲುತ್ತದೆ. ಆ ಮೌನದುದ್ದಕ್ಕೂ ಹೆಸ್ಟರ್ ವಾದಕರ ಮುಂದೆ ಕೈ ಎತ್ತಿ ನಿಂತಿರಬೇಕು. ಕೈ ಇಳಿದಾಗ ಕೃತಿ ಮುಗಿಯಿತು. ಅವಧಿಯನ್ನು ಆಗಲೇ ಎರಡು ಸಲ ಮುಂದೂಡಿಸಿಕೊಂಡಿದ್ದಳು. ಭಾನುವಾರ ನುಡಿಸಿ, ಅದರ ಮುಂದಿನ ಶುಕ್ರವಾರದೊಳಗೆ ಒಪ್ಪಿಸದಿದ್ದರೆ ಹೆಸರು ತೆಗೆಯುತ್ತಾರೆ, ಐದು ವರ್ಷ ನೀರಿಗೆ.

"ಮೌನ ಮುರಿದರೆ ಕೃತಿಯೇ ಇಲ್ಲ," ಎಂದಿದ್ದರು ಅವಳ ಮಾರ್ಗದರ್ಶಕ ಪ್ರೊಫೆಸರ್ ಟಾರ್ಕ್ವಿಲ್ ಬೇನ್. "ತುಂಡು ಜೋಡಿಸೋದು ನಡೆಯಲ್ಲ. ಮೊದಲಿಂದ ಕೊನೆವರೆಗೆ ಒಂದೇ ಸಲ. ಸಾರ್ವಜನಿಕರ ಮುಂದೆ."

"ಸಾರ್ವಜನಿಕರು ಅಂದ್ರೆ ಯಾರು, ಟಾರ್ಕ್ವಿಲ್?"

ಬೇನ್ ಯೋಚಿಸಿದರು. ಮೂವತ್ತು ವರ್ಷದ ವೃತ್ತಿಯಲ್ಲಿ ಅಂಥವರು ಅವರಿಗೆ ಎದುರಾದಂತಿರಲಿಲ್ಲ. "ನೀನಲ್ಲದ, ನಾನಲ್ಲದ ಯಾರಾದ್ರೂ," ಎಂದರು. "ನಮ್ಮ ವಿಭಾಗದವರೇ ಆದ್ರೆ ಪರೀಕ್ಷಕರು ಒಪ್ಪಲ್ಲ. ಹೊರಗಿನವರು ಬೇಕು."

ಹೊರಗಿನವರೆಂದು ಹೆಸ್ಟರ್‌ಗೆ ಗೊತ್ತಿದ್ದವರು ಆ ಒಂಬತ್ತು ಮುದುಕಿಯರು ಮಾತ್ರ. ಅವರ ಕೆಮ್ಮು, ಪೆಪ್ಪರ್‌ಮಿಂಟಿನ ಕಾಗದ, ಹೆಣಿಗೆಕಡ್ಡಿ ನೆನೆದು ಬೇಡವೆಂದುಕೊಂಡಳು. ಆದರೂ ಹೋಗಿ ಕೇಳಿದಳು.

"ಭಾನುವಾರ ಮಧ್ಯಾಹ್ನ ತಾನೆ? ಬರ್ತೀವಿ ಬಿಡು," ಎಂದಳು ನೋಲಾ. "ತಿಂಡಿಯ ತಟ್ಟೆ ತರಬೇಕೇನೇ?"

"ತಟ್ಟೆ ಬೇಡ. ಸದ್ದು ಮಾಡದೆ ಕೂತ್ರೆ ಸಾಕು. ಕೊನೇಲಿ ಮೌನ ಇದೆ, ನೋಲಾ. ಒಂದು ಸಣ್ಣ ಸದ್ದು ಆದ್ರೂ ನನ್ನ ಡಿಗ್ರಿ ಹೋಗುತ್ತೆ."

"ಅರವತ್ತು ವರ್ಷದಿಂದ ಚರ್ಚಿಗೆ ಹೋಗ್ತಿದೀನಿ ಕಣೇ. ಬೇಜಾರಾದ್ರೂ ಸುಮ್ನೆ ಕೂತ್ಕೊಳ್ಳೋದು ನಂಗೆ ಹೇಳ್ಕೊಡ್ತೀಯಾ?" ನೋಲಾ ಕನ್ನಡಕ ಮೇಲೇರಿಸಿದಳು. "ಅದಿರ್ಲಿ, ಈ ತಿಂಗಳ ಪುಸ್ತಕ ಓದಿದ್ಯಾ?"

"ಓದ್ತಾ ಇದೀನಿ," ಎಂದಳು ಹೆಸ್ಟರ್. ಯುದ್ಧದಲ್ಲಿ ಡ್ಯೂಕ್ ಸತ್ತನೆಂದು ಸುದ್ದಿ ಬರುವಲ್ಲಿಗೆ ನಿಲ್ಲಿಸಿದ್ದಳು. ತಾಲೀಮಿನ ಗಡಿಬಿಡಿಯಲ್ಲಿ ಕೊನೆಯ ಎರಡು ಅಧ್ಯಾಯ ಹಾಗೇ ಉಳಿದಿದ್ದವು.

ಭಾನುವಾರ ಅದೇ ಚರ್ಚ್ ಹಾಲಿನಲ್ಲಿ ಕಛೇರಿ. ದೂರದ ಕ್ರೈಸ್ಟ್‌ಚರ್ಚ್ ನಗರದಿಂದ ನಾಲ್ವರು ವಾದಕರು ವ್ಯಾನಿನಲ್ಲಿ ಬಂದರು, ಸಂಜೆಗೇ ಹಿಂತಿರುಗಬೇಕು. ಮುದುಕಿಯರು ಬೇಡವೆಂದರೂ ತಟ್ಟೆ ತಂದಿದ್ದರು: ಚೀಸ್ ರೋಲ್, ಮೊಟ್ಟೆಯ ಸ್ಯಾಂಡ್‌ವಿಚ್, ಶುಂಠಿ ಹಾಕಿದ ಸಿಹಿ ಸ್ಲೈಸ್. ವಿಭಾಗದವರು ಏನೂ ತಂದಿರಲಿಲ್ಲ. ಮುದುಕಿಯರು ಎಡಕ್ಕೆ ಕೂತರು, ವಿಭಾಗದವರು ಬಲಕ್ಕೆ. ಎಲ್ಲರೂ ಕೋಟು ತೆಗೆಯದೇ ಕೂತರು, ಏಕೆಂದರೆ ಹಾಲಿನ ಹೀಟರು ಗುಂಯ್‌ಗುಡುತ್ತದೆಂದು ಹೆಸ್ಟರ್ ಅದನ್ನು ಆರಿಸಿದ್ದಳು.

ಕೃತಿ ಶುರುವಾಯಿತು. ಚೆಲೊದವಳು ವಾದ್ಯದ ಹೊಟ್ಟೆಗೆ ಗೆಣ್ಣಿನಿಂದ ಬಡಿದಳು. ಪಿಟೀಲಿನವರು ತಂತಿ ಹೊರುವ ಮರದ ಕುದುರೆಯಾಚೆಯ ತಂತಿತುದಿಯನ್ನು ಕೀರಿದರು. ವಿಭಾಗದವರು ಕಣ್ಣು ಮುಚ್ಚಿ ತಲೆಯನ್ನು ಸ್ವಲ್ಪ ಓರೆ ಮಾಡಿದರು. ಹಲ್ಲುನೋವು ಬಂದವರು ಹಾಗೆ ಮಾಡುವುದನ್ನು ನೋಲಾ ಜೀವಮಾನವಿಡೀ ನೋಡಿದ್ದಳು. ಮುದುಕಿಯರು ಕಣ್ಣು ತೆರೆದೇ ಇದ್ದರು. ನಗೈರೆಗೆ ಕೆಮ್ಮು ಬಂತು, ನುಂಗಿಕೊಂಡಳು. ಹೆಣಿಗೆ ಚೀಲದಲ್ಲೇ ಉಳಿಯಿತು.

ಕೊನೆಯ ಕೀರಲು ನಿಂತಿತು. ಹೆಸ್ಟರ್ ಬಲಗೈ ಎತ್ತಿದಳು. ವಾದಕರು ಕಮಾನುಗಳನ್ನು ಗಾಳಿಯಲ್ಲಿ ಹಿಡಿದು ನಿಂತರು. ಇಡೀ ಹಾಲ್ ನಿಶ್ಶಬ್ದವಾಯಿತು. ಹೆಸ್ಟರ್ ಓರೆಗಣ್ಣಿನಲ್ಲಿ ಎಡಬದಿಯನ್ನೇ ಕಾಯುತ್ತಿದ್ದಳು. ಯಾರಾದರೂ ಒಂದು ಪೆಪ್ಪರ್‌ಮಿಂಟ್ ಬಿಚ್ಚಿದರೆ ಐದು ವರ್ಷ ಬಲಿ. ಒಂದು ನಿಮಿಷ ಕಳೆಯಿತು. ಎಡಬದಿಯಲ್ಲಿ ಹುಲ್ಲುಕಡ್ಡಿಯೂ ಅಲುಗಲಿಲ್ಲ.

ಬಲಬದಿಯಲ್ಲಿ ಪ್ರೊಫೆಸರ್ ಬೇನ್ ಕಾಲ ಮೇಲಿನ ಕಾಲು ಇಳಿಸಿದರು, ಮಂಡಿ ಹಿಡಿದಿತ್ತು. ಲಾಕ್ಲನ್ ಅದನ್ನು ನೋಡಿದ. ಪ್ರೊಫೆಸರು ಏಳುತ್ತಿದ್ದಾರೆ, ಅಂದರೆ ಮುಗಿದಿದೆ, ಅಂದರೆ ಇನ್ನೊಂದು ಕ್ಷಣ ತಡಮಾಡಿದರೆ ಬೇರೆ ಯಾರಾದರೂ ತಟ್ಟುತ್ತಾರೆ.

"ಬ್ರಾವೋ!" ಎಂದು ಚಪ್ಪಾಳೆ ತಟ್ಟಿದ. ತಮಗೂ ಗೊತ್ತಿತ್ತೆಂದು ತೋರಿಸಲು ಬಲಬದಿಯ ಹನ್ನೊಂದು ಜನ ಹಿಂದೆಯೇ ತಟ್ಟಿದರು. ಎಡಬದಿಯಿಂದ ಒಂಬತ್ತು ಬಾಯಿಗಳು ಒಟ್ಟಿಗೆ "ಶ್!" ಎಂದವು. ಧ್ವನಿಮುದ್ರಣ ಯಂತ್ರ ಎಲ್ಲವನ್ನೂ ನಿಷ್ಠೆಯಿಂದ ಹಿಡಿದುಕೊಂಡಿತು.

ಹೆಸ್ಟರ್‌ಳ ಕೈ ಇನ್ನೂ ಮೇಲೇ ಇತ್ತು. ಇಳಿಸುವುದು ಅವಳಿಗೆ ಮರೆತುಹೋಗಿತ್ತು.

"ಕುತೂಹಲಕಾರಿ," ಎಂದರು ಬೇನ್ ಹತ್ತಿರ ಬಂದು. "ಆದ್ರೆ ಇದನ್ನ ಒಪ್ಪಿಸೋಕಾಗಲ್ಲ ಹೆಸ್ಟರ್. ಛೆ, ಪಾಪ." ಅಷ್ಟು ಹೇಳಿ ಚೀಸ್ ರೋಲಿನ ಕಡೆ ನಡೆದರು.

"ನೀನು ಕೈ ಎತ್ತಿದ್ದು ಮುಗೀತು ಅನ್ನೋದಕ್ಕೆ ಅಂದ್ಕೊಂಡೆ," ಎಂದ ಲಾಕ್ಲನ್.

"ಸ್ವರಲಿಪಿ ನಿಂಗೆ ಕೊಟ್ಟಿದ್ದೆ."

"ಓದಿದೆ. ತುಂಬ ಕುತೂಹಲಕಾರಿಯಾಗಿತ್ತು." ಅವನೂ ತಿಂಡಿಯ ಕಡೆ ಹೋದ. ಸಂಗೀತದ ಸೂಕ್ಷ್ಮ ಬಲ್ಲ ಹನ್ನೆರಡು ಜನ ಮೇಜಿನ ಸುತ್ತ ನಿಂತು, ತಾವು ತಾರದ ತಟ್ಟೆಗಳನ್ನು ಖಾಲಿ ಮಾಡತೊಡಗಿದರು.

ನೋಲಾ ಮಾತ್ರ ಕೂತಲ್ಲಿಂದ ಎದ್ದಿರಲಿಲ್ಲ. "ಏನೇ ಹುಡುಗಿ," ಎಂದಳು, "ಇನ್ನೂ ಮುಗ್ಸಿಲ್ವಾ?"

"ಎಲ್ಲಿ ಮುಗ್ಸೋದು! ಅವನು ಹಾಳು ಮಾಡಿದ್ನಲ್ಲ!"

"ಅದಲ್ಲ ಕಣೇ. ಪುಸ್ತಕ. ಕೈ ಎತ್ಕೊಂಡು ನಿಂತಿದ್ದೆಯಲ್ಲ, ಅದಕ್ಕೇ ನಾವು ಉಸಿರು ಬಿಡ್ಲಿಲ್ಲ."

ಹೆಸ್ಟರ್ ಅವಳ ಮುಖ ನೋಡಿದಳು. ಉಳಿದ ಎಂಟು ಮುಖಗಳನ್ನೂ ನೋಡಿದಳು. ತಮಾಷೆಯಲ್ಲ, ಎಲ್ಲರೂ ಉತ್ತರಕ್ಕೆ ಕಾದಿದ್ದರು. ತನ್ನ ಕೃತಿಯ ಮೌನವನ್ನು ಇವರು ಕಾಯ್ದದ್ದು ಒಬ್ಬ ಡ್ಯೂಕನ ಸಾವಿನ ಗುಟ್ಟಿಗಾಗಿ.

"ಇಲ್ಲ," ಎಂದಳು. "ಎರಡು ಅಧ್ಯಾಯ ಬಾಕಿ ಇದೆ." ಆಮೇಲೆ ತಡೆದು, "ನೋಲಾ, ನೀವೆಲ್ಲ ಇನ್ನೊಂದು ಸಲ ಕೂರ್ತೀರಾ?"

"ಆ ಸದ್ದಿಗಾ?" ನಗೈರೆ ತಡೆಹಿಡಿದಿದ್ದ ಕೆಮ್ಮನ್ನೆಲ್ಲ ಒಟ್ಟಿಗೆ ಕೆಮ್ಮಿದಳು. "ನಮ್ಮ ಮನೆ ಅಟ್ಟದ ಮೇಲೆ ಪಾಸಮ್ ಅನ್ನೋ ಪ್ರಾಣಿ ಸೇರ್ಕೊಂಡಾಗ ಹೀಗೇ ಕೇಳ್ತಿತ್ತು. ಅದನ್ನ ಹಿಡಿಸೋಕೆ ಜನ ಕರೆಸಿದ್ವಿ."

"ಇಪ್ಪತ್ತು ನಿಮಿಷವೂ?" ಎಂದಳು ಇನ್ನೊಬ್ಬಳು.

"ಪೂರ್ತಿ. ಇಲ್ಲಾಂದ್ರೆ ನಡೆಯಲ್ಲ."

ನೋಲಾ ನಿಟ್ಟುಸಿರು ಬಿಟ್ಟಳು. ಹೆದರಿದ ಮಗುವಿನ ಹಲ್ಲನ್ನು ಇವತ್ತೇ ತೆಗೆದುಬಿಡೋಣ ಎಂದು ನಿರ್ಧರಿಸುವಾಗಿನ ನಿಟ್ಟುಸಿರು. "ಸಾರ್ವಜನಿಕರು ಬೇಕು ಅಂದಿದ್ಯಲ್ಲ, ಅದು ನಾವೇ ತಾನೆ? ಹಾಗಾದ್ರೆ ಅವರು ಬೇಡ." ಅವಳು ತಿಂಡಿಯ ಮೇಜಿಗೆ ತಿರುಗಿದಳು. "ರೀ ಪ್ರೊಫೆಸರೇ, ಏ ಚಪ್ಪಾಳೆ ಗಿರಾಕಿ, ಎಲ್ರೂ ಹೊರಗೆ ಹೋಗಿ. ತಟ್ಟೆ ಬೇಕಾದ್ರೆ ತಗೊಂಡೇ ಹೋಗಿ."

"ಹೊರಗೆ ಚಳಿ ಇದೆ," ಎಂದ ಲಾಕ್ಲನ್.

"ಕೈ ತಟ್ಟು, ಬೆಚ್ಚಗಾಗತ್ತೆ."

ಅವರು ಹೋದರು. ಬೇನ್ ಬಾಗಿಲಲ್ಲಿ ನಿಂತು, ನಿಯಮದಲ್ಲಿ ಇದಕ್ಕೆ ಅಡ್ಡಿಯಿಲ್ಲ ಎಂದು ಗೊಣಗಿ, ಎರಡು ಚೀಸ್ ರೋಲ್ ಹಿಡಿದು ಹೊರಬಿದ್ದರು. ವಾದಕರು ವ್ಯಾನಿನ ಹೊತ್ತಾಯಿತೆಂದು ಮುಖ ಸಿಂಡರಿಸಿದಾಗ, ನೋಲಾ ಉಳಿದ ಶುಂಠಿ ಸ್ಲೈಸನ್ನೆಲ್ಲ ಕಟ್ಟಿಕೊಡುವುದಾಗಿ ಹೇಳಿ ಕೂರಿಸಿದಳು. ಬಾಗಿಲಿಗೆ ಅಗುಳಿ ಬಿತ್ತು.

ಎರಡನೇ ಸಲ ಕೃತಿ ಮೊದಲಿಗಿಂತ ಚೆನ್ನಾಗೇನೂ ಕೇಳಿಸಲಿಲ್ಲ. ಚೆಲೊ ಪೆಟ್ಟು ತಿಂದಿತು, ಪಿಟೀಲು ಕೀರಿತು. ಮುದುಕಿಯರು ಬಸ್ಸಿಗೆ ಕಾದವರಂತೆ ಕೂತಿದ್ದರು. ಒಬ್ಬರ ಮುಖದ ಮೇಲೂ ಮೆಚ್ಚುಗೆ ಇರಲಿಲ್ಲ, ಮೆಚ್ಚುಗೆಯ ನಟನೆಯೂ ಇರಲಿಲ್ಲ. ಹೆಸ್ಟರ್ ಕೈ ಎತ್ತಿದಳು.

ಒಂಬತ್ತು ಜೊತೆ ಕಣ್ಣು ಆ ಕೈಯ ಮೇಲೆ ನೆಟ್ಟವು. ಅರ್ಧದಲ್ಲಿ ನಗೈರೆಯ ಮುಖ ಕೆಂಪೇರಿತು. ಅವಳು ಸ್ಕಾರ್ಫಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಕಣ್ಣಿಂದ ನೀರು ಇಳಿಯಿತು, ಸದ್ದು ಹೊರಡಲಿಲ್ಲ. ಪಕ್ಕದವಳು ಅವಳ ಮಣಿಕಟ್ಟು ಹಿಡಿದುಕೊಂಡಳು. ಇಂಥದೊಂದು ಮೌನವನ್ನು ಹೆಸ್ಟರ್ ಕಾಗದದ ಮೇಲೆ ಬರೆದಿದ್ದಳಷ್ಟೇ, ಎಲ್ಲೂ ಕೇಳಿರಲಿಲ್ಲ. ಅದು ನಿಜವಾಗಿಯೂ ಚೆನ್ನಾಗಿತ್ತು. ಇಡೀ ಕೃತಿಯಲ್ಲಿ ಚೆನ್ನಾಗಿದ್ದದ್ದು ಅದೊಂದೇ ಎಂದೂ ಅವಳಿಗೆ ಅನ್ನಿಸಿತು.

ಎರಡು ನಿಮಿಷ ತುಂಬಿತು. ಹೆಸ್ಟರ್ ಕೈ ಇಳಿಸಿ, ಬಾಗಿ ಯಂತ್ರದ ಗುಂಡಿ ಒತ್ತಿದಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ನಗೈರೆ ಸ್ಕಾರ್ಫ್ ತೆಗೆದು ಹೊಟ್ಟೆ ಹಿಡಿದುಕೊಂಡು ಕೆಮ್ಮಿದಳು.

"ಇಳಿಸಿದ್ಯಾ?" ಎಂದಳು ನೋಲಾ.

"ಇಳಿಸಿದೆ."

"ಸತ್ತಿಲ್ಲ ಅವನು. ಡ್ಯೂಕು. ಅಷ್ಟೂ ದಿನ ನಾಯಕಿ ಮನೆಯ ಕುದುರೆಲಾಯದಲ್ಲೇ ಅಡಗಿದ್ದ. ಹಿಂಬಾಗಿಲಿಂದ ಬಂದು ಕೈ ಹಿಡೀತಾನೆ." ಬಹಳ ಹೊತ್ತು ಅದುಮಿಟ್ಟುಕೊಂಡ ಭಾರ ಇಳಿದಂತೆ ಅವಳು ಕಾಲು ಚಾಚಿದಳು. "ಯಪ್ಪಾ, ಎರಡು ಸಲ ಕಾಯಿಸಿಬಿಟ್ಟೆಯಲ್ಲೇ."

ಹೆಸ್ಟರ್‌ಳ ಐದು ವರ್ಷದ ದುಡಿಮೆ ಉಳಿದಿತ್ತು, ಎರಡು ಅಧ್ಯಾಯದ ಗುಟ್ಟು ಹೋಗಿತ್ತು. ನಾಲ್ಕು ಮೈಕ್ರೊಫೋನಿನ ತಂತಿ ಸುತ್ತುತ್ತ ಅವಳು ಮೂಗು ಮುರಿದಳು.

"ಆ ಕಾಲದ ಲಾಯಕ್ಕೆ ಹಿಂಬಾಗಿಲೇ ಇರ್ತಿರ್ಲಿಲ್ಲ," ಎಂದಳು.

"ಹಾಗಾದ್ರೆ ಗೋಡೆ ಒಡ್ಕೊಂಡು ಬಂದ," ಎಂದಳು ನೋಲಾ. "ಬಾಗಿಲು ತೆಗಿ. ನಮ್ಮ ತಟ್ಟೆಗಳು ಹೊರಗಿವೆ."